ಹೆಂಚು ಇಳಿಸಿದ ದಿನ

ಪಾಂಡವಪುರದಲ್ಲಿ ನಮ್ಮ ಬೀದಿ ಹಿಂದಿನ ಕಬ್ಬು ಕಡಿದರೆಂದರೆ
ಎಂಟೇ ದಿನ,
ಗದ್ದೆಯ ಇಲಿಗಳೆಲ್ಲ ನಮ್ಮ ಸೂರಿಗೆ ಒಕ್ಕಲು ಬರುತ್ತವೆ.
ಮುಂಗಡವಿಲ್ಲ, ಬಾಡಿಗೆಯ ಮಾತಿಲ್ಲ.
ರಾತ್ರಿಯಿಡೀ ಮೇಲೆ ಸಾಮಾನು ಸಾಗಿಸುವ ಸದ್ದು.

ಈ ಸಲ ಹೆಂಚು ಇಳಿಸಿಯೇ ಬಿಡೋಣ ಎಂದೆ.
ಬಿಸಿಲಿಗೂ ಏನಾದರೂ ಅಡ್ಡ ಹಾಸಬೇಕಿತ್ತು,
ಏಪ್ರಿಲ್ ಬಂತೆಂದರೆ ಹೊಲಿಗೆ ಮಿಷನ್ನಿನ ಚಕ್ರ ಅಂಗೈ ಸುಡುತ್ತದೆ,
ಗಿರಾಕಿಯ ರೇಷ್ಮೆಗೆ ನನ್ನ ಬೆವರು ತೊಟ್ಟಿಕ್ಕಿದರೆ
ಯಾರು ಜವಾಬು?

ದ್ಯಾವಯ್ಯ ಬಂದ. ಬೀಡಿ ಕಿವಿಗೆ ಸಿಕ್ಕಿಸಿ ಮೇಲೆ ನೋಡಿದ.
"ಥರ್ಮೋಕೋಲ್ ಹಾಕ್ಸಿದ್ರೆ ಅವಕ್ಕೆ ಹಾಸ್ಗೆ ಹಾಸ್ದಂಗೆ ಕಣಕ್ಕ.
ಗಾಜಿನ ಹತ್ತಿ ಅಂತ ಒಂದು ಬತ್ತದೆ, ಮೈಯೆಲ್ಲ ಕಡಿತದೆ,
ಅದ್ರಲ್ಲೂ ಮರಿ ಹಾಕ್ತವೆ.
ಮೊದ್ಲು ತೂತು ಮುಚ್ಚಾನ, ಆಮ್ಯಾಕೆ ಬಿಸ್ಲು."
ಪಾಷಾಣ?
"ಇಡಿ. ಸತ್ತಿದ್ದು ಎಲ್ಲದೆ ಅಂತ ಮೂಗಲ್ಲೇ ಹುಡುಕ್ಬೇಕು,
ಗಿರಾಕಿಗಳ್ನ ಕೂರಿಸ್ಕಂಡು."

ಅವನ ಮಗ ಎಣಿಸುತ್ತ ಇಳಿಸಿದ: ನೂರಾ ಹನ್ನೊಂದು, ನೂರಾ ಹನ್ನೆರಡು.
ಮಿಷನ್ನಿಗೆ ಹಳೆ ಸೀರೆ ಹೊದಿಸಿ ನಿಂತಿದ್ದೆ.
ಮನೆಯೊಳಗೆ ಆಕಾಶ ಬಿತ್ತು, ಜೊತೆಗೆ ಮೂವತ್ತು ವರ್ಷದ ಧೂಳು.
ತೊಲೆ ಗೋಡೆ ಸೇರುವ ಮೂಲೆಯಲ್ಲಿತ್ತು ಗೂಡು,
ಮೊರದಲ್ಲಿಟ್ಟು ಕೈಗೆ ಕೊಟ್ಟ.

ಎಂಥ ಕೆಲಸ!
ಲೈನಿಂಗ್ ಬಟ್ಟೆ, ಕಾಲರಿನ ಕ್ಯಾನ್ವಾಸು, ಫಾಲ್ಸಿನ ಅಂಚು,
ಕಬ್ಬಿನ ಸೋಗೆ, ಅಳತೆ ಪುಸ್ತಕದ ಒಂದು ಹಾಳೆ
(ಎದೆ ಮೂವತ್ತಾರು, ಹೆಸರು ತಿಂದುಹೋಗಿದೆ).
ಒಂದು ಹೊಲಿಗೆಯಿಲ್ಲ, ಎಳೆದರೂ ಬಿಚ್ಚಿಕೊಳ್ಳದು.
ಒಳಗೆ ಆರು ಮರಿ, ಇನ್ನೂ ಕಣ್ಣು ಬಿಟ್ಟಿಲ್ಲ.
ಅವುಗಳ ಅಡಿಗೆ
ನವಿಲುಬಣ್ಣದ ರೇಷ್ಮೆ, ಜರಿ ಅಂಚು, ಅಂಗೈಯಗಲ.
ಅಂಚಿನಲ್ಲಿ ಕೆಂಪು ದಾರದ ಕಚ್ಚಾ ಹೊಲಿಗೆ.
ನನ್ನ ಕೈಯದು.
ಎಡ ತೋಳು.

ಜಯಶೀಲ ಕಾಜ ಹಾಕುವುದು ಕಲಿಯಲು ಬರುತ್ತಿದ್ದಳು, ಹದಿನಾರು ವರ್ಷ.
ಮದುವೆ ರವಿಕೆಯ ತೋಳು ಕಾಣೆಯಾದ ಸಂಜೆ
ಗಿರಾಕಿಯ ಎದುರೇ ಅವಳ ಚೀಲ ಸುರಿದಿದ್ದೆ:
ಬಾಚಣಿಗೆ, ಟಿಫನ್ ಡಬ್ಬಿ, ಕಚ್ಚಿಟ್ಟ ಸೀಬೆಕಾಯಿ.
"ಇಲಿ ಇರ್ಬೋದು ಅಕ್ಕ," ಅಂದಳು.
"ಇಲಿ ಜರಿ ರವಿಕೆ ತೊಡ್ತದಾ?" ಅಂದೆ.
ಗಿರಾಕಿ ನಕ್ಕಳು. ನಾನೂ.
ಸೀಬೆಕಾಯಿ ಉರುಳಿ ಮಿಷನ್ನಿನ ಕೆಳಗೆ ಹೋಯಿತು.
ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

"ಏನ್ಮಾಡಾನ ಇವ್ನ?" ದ್ಯಾವಯ್ಯ ಕೇಳಿದ.
ರೇಷ್ಮೆಯನ್ನು ಮೆಲ್ಲಗೆ ಎಳೆದುಕೊಂಡೆ,
ಮರಿಗಳು ಲೈನಿಂಗಿನ ಮೇಲೆ ಹೊರಳಿದವು.
ಹುಡುಗ ಮೊರ ಹಿಡಿದು ನಾಲೆ ಏರಿಯತ್ತ ಹೋದ,
ಬರಿ ಮೊರ ತಂದ.
ನಾನು ಕೇಳಲಿಲ್ಲ.

ಈಗ ತೂತುಗಳಿಗೆಲ್ಲ ಒಡೆದ ಗಾಜು, ಸಿಮೆಂಟು.
ಗಾಳಿಗೆಂದು ಬಿಟ್ಟ ಸಂದಿಗೆ ಸಣ್ಣ ಕಣ್ಣಿನ ಜಾಲರಿ.
ಹೆಂಚಿಗೂ ಬೆಳ್ಳಿ ಮೈಯ ಹಾಳೆಗೂ ನಡುವೆ
ನಾಲ್ಕು ಬೆರಳು ಖಾಲಿ ಜಾಗ,
"ಆ ಖಾಲಿನೇ ಕಣಕ್ಕ ಬಿಸ್ಲು ತಡೆಯಾದು."
ನಿಜ, ಮಧ್ಯಾಹ್ನ ಎರಡಕ್ಕೂ ಚಕ್ರ ತಣ್ಣಗಿದೆ.
ರಾತ್ರಿ ಮೇಲೆ ಯಾರೂ ಓಡಾಡುವುದಿಲ್ಲ,
ನನಗೆ ನಿದ್ದೆ ಹತ್ತುವುದಿಲ್ಲ.

ಜಯಶೀಲಳನ್ನು ಕಿಕ್ಕೇರಿ ಕಡೆ ಕೊಟ್ಟರಂತೆ.
ಅಲ್ಲಿ ಅವಳದೇ ಅಂಗಡಿ ಎನ್ನುತ್ತಾರೆ ಕೆಲವರು,
ಸೂಜಿಯನ್ನೇ ಮುಟ್ಟುವುದಿಲ್ಲ ಎನ್ನುತ್ತಾರೆ ಕೆಲವರು.
ಬಸ್ಸು ಒಂಬತ್ತೂವರೆಗೆ.
ರೇಷ್ಮೆ ತುಂಡು ಪರ್ಸಿನಲ್ಲಿಟ್ಟುಕೊಂಡು
ಮೂರು ಸಲ ನಿಲ್ದಾಣದವರೆಗೂ ಹೋಗಿ
ದಾರದ ಉಂಡೆ ಕೊಂಡು ವಾಪಸು ಬಂದಿದ್ದೇನೆ.