ಜೆ-ಆರು

ಮಂಗಳವಾರ ಅಪ್ಪನ ವ್ಯಾನು. ಹಿಂದೆ ಹಲಗೆಪೆಟ್ಟಿಗೆಯಲ್ಲಿ
ನಡುವೆ ಬಾವಿಯಷ್ಟು ತೂತಿದ್ದ ಕಪ್ಪು ತಟ್ಟೆಗಳು,
ಮುಂದೆ ನಾನು, ತೊಡೆಯ ಮೇಲೆ ಟೈಪ್‌ರೈಟರು.
ರೋಂಡಾ ಕಣಿವೆಯ ಒಂದೊಂದು ತಿರುವಿಗೂ
ಅಕ್ಷರ ಎಡವಿ ಬೀಳುತ್ತಿತ್ತು ಚೀಟಿಯ ಮೇಲೆ:
ಹಾಡಿನ ಹೆಸರು, ಅದರಡಿ ಹಾಡಿದವರದು,
ಪಕ್ಕದಲ್ಲಿ ಒತ್ತಬೇಕಾದ ಗುಂಡಿ.

ಹದಿನಾಲ್ಕು ಕೆಫೆ, ಮೂರು ಕ್ಲಬ್ಬು, ಒಂದು ಈಜುಕೊಳ.
ಭಾನುವಾರ ರೇಡಿಯೊ ಓದಿದ ಪಟ್ಟಿಯಲ್ಲಿ
ಏರಿದ್ದನ್ನು ಏರಿಸು, ಇಳಿದದ್ದನ್ನು ಇಳಿಸು.
"ನಾವು ಬರೀ ಮೆಟ್ಟಿಲು, ಗ್ವೆನ್ಲಿಯನ್,
ಯಾರು ಹತ್ತಿದರೇನು," ಅನ್ನುತ್ತಿದ್ದ ಅಪ್ಪ.

ಕೊನೆಯದು ಎರ್ಸಿಲಿಯಾಳ ಕೆಫೆ.
ಕುದಿವ ಹಾಲಿನ ಹಬೆ, ಒದ್ದೆ ಕೋಟುಗಳ ಕಮಟು,
ಮೂಲೆಯಲ್ಲಿ ಕ್ರೋಮಿನ ಹಲ್ಲು ಕಿರಿದು ಜೂಕ್‌ಬಾಕ್ಸು.
ಆರು ಪೆನ್ನಿಗೆ ಎರಡು ಹಾಡು, ಕಾಸಿಗೆ ತಕ್ಕ ಕಜ್ಜಾಯ.
ಅದರ ಹೊಟ್ಟೆ ಬಿಚ್ಚಿದರೆ ಒಳಗೊಂದು ಮುಳ್ಳುಗಳ ಸಾಲು:
ಯಾವ ಹಾಡು ವಾರದಲ್ಲಿ ಎಷ್ಟು ಸಲ ಎದ್ದು ಬಂತೆಂಬ ಲೆಕ್ಕ.
ಲಂಡನ್ನಿಗೆ ಗೊತ್ತಿಲ್ಲದ ಲೆಕ್ಕ.

ಆ ಹಾಡು ಪಟ್ಟಿಯಲ್ಲಿ ಇದ್ದದ್ದು ಒಂದೇ ವಾರ,
ಮೂವತ್ತೆಂಟನೆಯದಾಗಿ. ಬಂದ ಪುಟ್ಟ ಹೋದ ಪುಟ್ಟ.
ಹಾಡುಗಾತಿಯ ಹೆಸರನ್ನು ನಾನು ತಪ್ಪು ಟೈಪು ಮಾಡಿದ್ದೆ,
ಅಪ್ಪ ತಟ್ಟೆಯನ್ನು ಕೈಜಾರಿ ಬೀಳಿಸಿದ್ದ.
ಎರಡನೆಯ ಚರಣದಲ್ಲಿ ಗೀರು.
"ನೀನು ಹೊರಡುವ ಮುನ್ನ" ಎಂದು ಅವಳು ಉಸಿರೆಳೆದುಕೊಂಡರೆ
ಟಕ್.
ಸೂಜಿ ಹಾರಿ ತುತ್ತೂರಿಯ ನಡುವೆ ಬೀಳುತ್ತಿತ್ತು.

ಆ ತಗ್ಗಿಗೆ ಒಬ್ಬೊಬ್ಬರೂ ತಮ್ಮ ತಮ್ಮ ಮಣ್ಣು ಹಾಕಿದರು.
"ಬಾಕಿ ತೀರಿಸು" ಎಂದು ಸೇರಿಸಿ ನಗುತ್ತಿದ್ದಳು
ಎರ್ಸಿಲಿಯಾ, ಕಪ್ಪು ಒರೆಸುತ್ತ.
ನಾನು ಒಂದು ಹೆಸರು ಸೇರಿಸುತ್ತಿದ್ದೆ. ಯಾವುದೆಂದು ಹೇಳುವುದಿಲ್ಲ.
ಗಣಿಯ ಪಾಳಿ ಮುಗಿಸಿ ಮೂರಕ್ಕೆ ಬರುವ ಇಡ್ವಾಲ್,
ಎಷ್ಟು ತಿಕ್ಕಿದರೂ ರೆಪ್ಪೆಯಂಚಿನ ಕಲ್ಲಿದ್ದಲು
ಕಾಡಿಗೆಯಾಗಿ ಉಳಿದುಬಿಟ್ಟವನು,
ದಿನವೂ ಜೆ-ಆರು ಒತ್ತಿ, ಆ ಜಾಗ ಬಂದಾಗ
ಸುಮ್ಮನೆ ತಲೆ ತಗ್ಗಿಸುತ್ತಿದ್ದ,
ರೈಲು ಸುರಂಗ ಹೊಕ್ಕಾಗ ಮಾತು ನಿಲ್ಲಿಸುವವರ ಹಾಗೆ.

ಮುಂದಿನ ಮಂಗಳವಾರ ತೆಗೆಯಬೇಕಿತ್ತು ಅಪ್ಪ.
ಮುಳ್ಳು ನೋಡಿದ. ಮತ್ತೆ ನೋಡಿದ.
ದೇಶದ ಒಂದನೆಯದು ಇಲ್ಲಿ ಒಂಬತ್ತನೆಯದು;
ದೇಶ ಮರೆತದ್ದು ಇಲ್ಲಿ ತುದಿಯಲ್ಲಿ ನಡುಗುತ್ತಿತ್ತು.
"ಇರಲಿ ಬಿಡು," ಎಂದ. ಹದಿಮೂರು ತಿಂಗಳು ಇತ್ತು.

ಆಮೇಲೊಂದು ಮಂಗಳವಾರ ಜೆ-ಆರರ ಮುಳ್ಳು
ಸೊನ್ನೆಯಿಂದ ಕದಲಿರಲಿಲ್ಲ.
ಅಪ್ಪ ಮೆಲ್ಲಗೆ ಟೋಪಿ ತೆಗೆದ.
ಎರ್ಸಿಲಿಯಾ ರೇಗಿದಳು: "ಸತ್ತಿಲ್ಲವಯ್ಯಾ ಅವನು!
ಮದುವೆಯಾಗಿ ಕಾರ್ಬಿಗೆ ಹೋದ, ಉಕ್ಕಿನ ಕಾರ್ಖಾನೆಗೆ.
ಹೆಂಡತಿಗೆ ಚರ್ಚಿನ ಹಾಡು ಬಿಟ್ಟು ಬೇರೇನೂ ಆಗಿಬರುವುದಿಲ್ಲವಂತೆ."
ಅಪ್ಪ ಟೋಪಿ ಹಾಕಿಕೊಂಡ.
ತಟ್ಟೆ ಮಾತ್ರ ತೆಗೆಯಲಿಲ್ಲ.

ಈಗ ಆ ಕೆಫೆಯಲ್ಲಿ ಉಗುರಿಗೆ ಬಣ್ಣ ಹಚ್ಚುತ್ತಾರೆ.
ಮೊನ್ನೆ ಮೊಮ್ಮಗ ಮಾಡಾಕ್ ಫೋನು ಹಿಡಿದು
"ಯಾವ ಹಾಡು ಬೇಕು ಹೇಳಜ್ಜಿ, ಎಲ್ಲವೂ ಇದರಲ್ಲಿದೆ" ಎಂದ.
ನಾನು ಹೇಳಿದ ಹೆಸರಿಗೆ ಏನೂ ಸಿಗಲಿಲ್ಲ.
ಐವತ್ತೇಳು ವರ್ಷದ ತಪ್ಪು; ಅವನು ಒಂದಕ್ಷರ ತಿದ್ದಿದ.
ಬಂತು.

ತೊಳೆದು ಒಣಗಿಸಿಟ್ಟಂಥ ದನಿ. ಒಂದು ಚರಣ ದಾಟಿತು.
"ನೀನು ಹೊರಡುವ ಮುನ್ನ"
ಮೇಜಿನ ಅಂಚು ಹಿಡಿದುಕೊಂಡೆ
"ಬೆಕ್ಕನ್ನು ಒಳಗೆ ಬಿಡು."

ಅಷ್ಟೆ.
ಯಾರದೋ ಮನೆ, ಯಾರದೋ ಬೆಕ್ಕು, ಆಮೇಲೆ ತುತ್ತೂರಿ.
ನಾನು ಕೆಮ್ಮು ಬರುವ ತನಕ ನಕ್ಕೆ.
ಇನ್ನೊಮ್ಮೆ ಹಾಕಲಾ ಅಂದ ಹುಡುಗ. ಬೇಡವೆಂದೆ.

ಇದ್ದರೆ ಇಡ್ವಾಲನಿಗೆ ಎಂಬತ್ತಾರು.
ಕಾರ್ಬಿಯ ಕಡೆ ಹೋಗುವವರು ಯಾರಾದರೂ ಇದ್ದರೆ
ದಯವಿಟ್ಟು ಅವನಿಗೆ ಹೇಳಬೇಡಿ.