ನೆರಳು ವರದಿ

ಕೋರ್ಟಿನ ಕಾಂಪೌಂಡಿಗೆ ಆನಿಸಿಟ್ಟ ಮೇಜು. ಮೇಲೆ ನನ್ನ ಹಳೇ ಟೈಪ್‌ರೈಟರು,
‘ಳ’ ಒಂದು ಮೂಡುವುದಿಲ್ಲ ಅದರಲ್ಲಿ,
ಪೆನ್ನಿನಿಂದ ತುಂಬಬೇಕು.
ಇಪ್ಪತ್ತಾರು ವರ್ಷ ‘ಗೆ, ಮಾನ್ಯ ತಹಸೀಲ್ದಾರರು’ ಎಂದೇ
ಶುರುಮಾಡಿದ ಬೆರಳು
ಈ ಸಲ ‘ಗೆ, ಮಾನ್ಯ ಸಮಿತಿ, ಜಿನೀವಾ’ ಎಂದು ಹೊಡೆಯಲು
ಎರಡು ಹಾಳೆ ಕೆಡಿಸಿತು.

ಸಂಘದ ಗಂಗೋತ್ರಿ ಹೇಳಿದಳು:
ಸರ್ಕಾರ ಅಲ್ಲಿಗೊಂದು ವರದಿ ಒಪ್ಪಿಸಬೇಕು, ಕೊಟ್ಟ ಮಾತು ನಡೆಸಿದ್ದೇವೆಂದು.
ಅದರ ಬೆನ್ನಿಗೇ ನಮ್ಮದೊಂದು ಹೋಗುತ್ತದೆ.
ನೆರಳು ವರದಿ ಅಂತ ಹೆಸರು.
ಜೈತುನ್‌ಬಿ ನಕ್ಕಳು:
‘ನೆಳ್ಳಾ? ಎಲ್ಲೈತ್ರೀ ನೆಳ್ಳು?
ನಮ್ಮ ಭಟ್ಟಿ ಶೀಟಿನ ಕೆಳಗಿನ ನೆಳ್ಳು
ಬಿಸಿಲಿಗಿಂತ ಕಾದಿರ್ತತಿ.’

ಹೇಳುತ್ತಾ ಹೋದಳು, ನಾನು ಹೊಡೆಯುತ್ತಾ ಹೋದೆ.
ರಾತ್ರಿ ಎರಡಕ್ಕೆ ಒಲೆಗೆ ಹೊಟ್ಟು, ಬಾಣಲೆಗೆ ಮರಳು.
ಕೆಮ್ಮು ಎಂದಳು. ಗಂಗೋತ್ರಿ ಅಂಚಿನಲ್ಲಿ ಹನ್ನೆರಡು ಎಂದು ಬರೆದಳು.
ನಲ್ಲಿಗೆ ಎಂಟು ದಿನಕ್ಕೊಮ್ಮೆ ನೀರು: ಹನ್ನೊಂದು.
ಮೂಟೆ ಲೆಕ್ಕದ ಕೂಲಿ, ಮೈಲಿಗೂ ಹಬ್ಬಕ್ಕೂ ರಜೆಯಿಲ್ಲ: ಏಳು.
ಮೊಮ್ಮಗನ ಮೊಣಕೈ ತಿರುಗಿಸಿ
ಮರಳು ಸಿಡಿದ ಗಾಯ ತೋರಿಸಿದಳು.
ಅದಕ್ಕೆ ಯಾವ ಕಲಮು ಎಂದು
ಗಂಗೋತ್ರಿ ಪುಸ್ತಕ ಮಗುಚುತ್ತಲೇ ಇದ್ದಳು.

ಸರ್ಕಾರದ ವರದಿಯ ನಕಲೂ ಇತ್ತು.
ಒಂದು ಸಾಲು ಓದಿ ಹೇಳಿದೆ ಅವಳಿಗೆ:
‘ಲಭ್ಯ ಸಂಪನ್ಮೂಲದ ಮಿತಿಯಲ್ಲಿ, ಹಂತ ಹಂತವಾಗಿ.’
ಆಗ ನಗಲಿಲ್ಲ.
‘ಹಂತ ನಂಗೂ ಗೊತ್ತೈತಿ ಸಾಹೇಬ್ರೆ.
ಭತ್ತ ನೆನೆಸಬೇಕು, ಬೇಯಿಸಬೇಕು, ಒಣಗಿಸಬೇಕು,
ಮಿಲ್ಲಿಗೆ ಹಾಕಿಸಿ ಅಕ್ಕಿಗೆ ಉಪ್ಪು ಹಿಡಿಸಬೇಕು.
ಅಮ್ಯಾಲೆ ಬೆಂಕಿ.
ಆದ್ರೆ ನೆನೆದ ಭತ್ತ ಒಂದಿನ ಜಾಸ್ತಿ ಬಿಟ್ರೆ ನಾರ್ತತಿ.
ಎಷ್ಟು ವರ್ಸದಿಂದ ನೆನೆಸ್ಯಾರ ನಮ್ಮನ್ನ?
ಹಂಗಂತ ಬರೀರಿ.’
ಬರೆದೆ. ಪ್ಯಾರಾ ನಲವತ್ತೇಳು.
ಬೆಂಗಳೂರಿನವರು ಇಂಗ್ಲಿಷಿಗೆ ಮಾಡಿಕೊಳ್ಳುತ್ತಾರಂತೆ;
‘ನಾರ್ತತಿ’ಗೆ ಏನು ಮಾಡಿಕೊಂಡರೋ.

ಆಮೇಲೆ ಒಂದೂವರೆ ವರ್ಷ.
ಮೂರು ಮಂದಿ ಜಿಲ್ಲಾಧಿಕಾರಿ ಬದಲಾದರು.
ಕೆಡಿಸಿದ ಆ ಎರಡು ಹಾಳೆಯಲ್ಲಿ
ನಾನೇ ಖಾರ ಮಂಡಕ್ಕಿ ತಿಂದು ಕೈ ಒರೆಸಿದ್ದೆ.

ಬಂತು. ಸಮಿತಿಯ ಕೊನೆಯ ಮಾತುಗಳು, ಹದಿನಾರು ಪುಟ,
ನಮ್ಮದು ಒಂದೂವರೆ ಸಾಲು.
ದಾವಣಗೆರೆ ಇಲ್ಲ, ಭಟ್ಟಿ ಇಲ್ಲ, ಜೈತುನ್‌ಬಿ ಇಲ್ಲ.
‘ಅಸಂಘಟಿತ ವಲಯದ ಮಹಿಳೆಯರ ಆರೋಗ್ಯ ಮತ್ತು ಕೆಲಸದ ಸ್ಥಿತಿಯ ಬಗ್ಗೆ
ಸಮಿತಿ ಕಳವಳ ವ್ಯಕ್ತಪಡಿಸುತ್ತದೆ.’
‘ಇದ್ರಾಗೆ ನಾನೆಲ್ಲಿ?’
‘ಮಹಿಳೆಯರ’ ಎಂಬಲ್ಲಿ ಬೆರಳಿಟ್ಟೆ.
ಅವಳೂ ಇಟ್ಟಳು, ಮಸಿ ಅಂಟಿತು.
‘ಕಳವಳ ಅಂದ್ರ?’
ಹೊಟ್ಟೆಯೊಳಗೆ ಆಗುವುದಲ್ಲವಾ, ಅದು, ಅಂದೆ.
‘ಅಷ್ಟು ದೂರದಾಗ ಕುಂತವರ ಹೊಟ್ಟೆಯಾಗ?’
ತುಸು ಹೊತ್ತು ಸುಮ್ಮನಿದ್ದಳು.
ಲಾರಿಯೊಂದು ಹಾಯ್ದು ಹೋಯಿತು, ಮೂಟೆಗಳ ಮೇಲೆ ಹುಡುಗನೊಬ್ಬ ನಿದ್ದೆ ಮಾಡುತ್ತಿದ್ದ.

ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ.
ಅವಳು ಸೆರಗಿನ ಗಂಟು ಬಿಚ್ಚಿ
ಮೂವತ್ತು ರೂಪಾಯಿ ಮೇಜಿನ ಮೇಲಿಟ್ಟಳು:
‘ಹಾಳೆ ಏರಿಸ್ರಿ.
ಕಾರ್ಪೊರೇಶನ್ನಿಗೊಂದು ಅರ್ಜಿ.
ನೀರು, ಹೊಗೆ ಕೊಳವೆ, ಹುಡುಗನ ದವಾಖಾನಿ ಬಿಲ್ಲು.
ಮ್ಯಾಗಡೆ ಬರೀತೀರಲ್ಲ ಉಲ್ಲೇಖ ಅಂತ,
ಅಲ್ಲಿ ಈ ಸಾಲು ಹಾಕ್ರಿ. ಅವರದ್ದು. ನಂಬರು ಸಮೇತ.’

ಗೆ, ಮಾನ್ಯ ಆಯುಕ್ತರು,
ಮಹಾನಗರ ಪಾಲಿಕೆ, ದಾವಣಗೆರೆ.
ಉಲ್ಲೇಖ:
ಹೊಡೆದೆ. ಕ ವ  ಎಂದು ಬಿತ್ತು.
ಎರಡು ‘ಳ’ದ ಜಾಗ ಖಾಲಿ.
ಪೆನ್ನು ಕೊಡಿ ಇಲ್ಲಿ ಅಂದಳು,
‘ಹೆಂಗೆ ಬರೀತಾರ ಅದನ್ನ, ತೋರಿಸ್ರಿ.’