ಚಹಾ ಇಳಿಯುವಷ್ಟು ಹೊತ್ತು

ಕುಶಿರೋ ಬಂದರಿನ ಹಿಂದಿನ ಓಣಿಯಲ್ಲಿ
ಫುಸಾನೊ ಅವರ ಸಲೂನು. ಒಂದೇ ಕುರ್ಚಿ.
ಕನ್ನಡಿ ಎರಡಿದ್ದವು, ಈಗ ಒಂದು.

ಜನವರಿ. ಹೆಪ್ಪುಗಟ್ಟದಿರಲೆಂದು ನಲ್ಲಿಯನ್ನು
ದಾರದಷ್ಟು ಸಣ್ಣಗೆ ಬಿಟ್ಟಿದ್ದರು.
ಮರುದಿನ ನನ್ನ ತಂಗಿಯ ಮದುವೆ.
ಹೇಳಿದ ಮಾತು ಕೇಳದ ನನ್ನ ಕೂದಲನ್ನು ಸುತ್ತಿ, ಎತ್ತಿ, ಕಟ್ಟಿ,
ನಲವತ್ತು ಪಿನ್ನು ಚುಚ್ಚಿ
ಸ್ಪ್ರೇ ಡಬ್ಬಿಯ ತಲೆ ಒತ್ತಿದರು.
ಬಂದದ್ದು ಬೋಡುಬಾಯಿಯ ಉಗುಳಿನಂತೆ ನಾಲ್ಕು ಹನಿ.
"ಪಾಪ, ಇದಕ್ಕೂ ಚಳಿ" ಅಂದರು ನಗುತ್ತ.
ಸೀಮೆಎಣ್ಣೆ ಹೀಟರಿನ ಮುಂದೆ ನಿಲ್ಲಿಸಿದರು,
ಎರೆದ ಮಗುವನ್ನು ಕೆಂಡದ ಬದಿಗೆ ಕೂರಿಸುವಂತೆ.
"ಚಹಾ ಇಳಿಯುವಷ್ಟು ಹೊತ್ತು ಸಾಕು."

ಆ ಹೊತ್ತಿನಲ್ಲಿ ನಾವು ಮಾತಾಡಿದ್ದು
ಏಡಿಯ ರೇಟು, ವರನ ಕಿವಿಯ ಉದ್ದ.

ಹಾಲಾದರೆ ಉಕ್ಕಿ ಹೇಳುತ್ತದೆ.
ಅನ್ನವಾದರೆ ಸೀದು ಹೇಳುತ್ತದೆ.
ಡಬ್ಬಿ ಏನೂ ಹೇಳುವುದಿಲ್ಲ.
ಒಳಗೇ ನುಂಗಿ ನುಂಗಿ
ಹೊರಗೆ ಅದೇ ಗುಲಾಬಿ ಬಣ್ಣ, ಅದೇ ನಗುವ ಹುಡುಗಿಯ ಚಿತ್ರ.

ಸದ್ದು ನನಗೆ ನೆನಪಿಲ್ಲ.
ನೆನಪಿರುವುದು ನೀಲಿ.
ಕೋಣೆಯಷ್ಟಗಲದ ನೀಲಿ ಸೆರಗೊಂದನ್ನು
ಯಾರೋ ಒಮ್ಮೆ ಕೊಡವಿ ಹಿಂದಕ್ಕೆಳೆದುಕೊಂಡಂತೆ.
ಆಮೇಲೆ ಕನ್ನಡಿಯ ಚೂರು, ಸುಟ್ಟ ಕೂದಲಿನ ವಾಸನೆ.
ನನ್ನ ಕೂದಲು ಅಂದುಕೊಂಡೆ.
ಅವರದ್ದು.

ಹೊರಗೋಡಿ ಬೊಗಸೆ ತುಂಬ ಹಿಮ ತಂದೆ.
ಪಕ್ಕದ ಮೀನಂಗಡಿಯ ಹಮಾಜಿ ನನ್ನ ಕೈಗೆ ಹೊಡೆದು ಕೆಡವಿದ.
"ಹಿಮ ಬೇಡ! ನಲ್ಲಿ! ನಲ್ಲಿ!"
ಉಂಗುರ ಬಿಚ್ಚಿದ. ಮೈಗಂಟಿದ ತೋಳಂಗಿಯನ್ನು ಮಾತ್ರ
ಮುಟ್ಟಗೊಡಲಿಲ್ಲ ಯಾರಿಗೂ.
ಇಪ್ಪತ್ತು ನಿಮಿಷ, ಗೋಡೆಯ ಗಡಿಯಾರ ನೋಡುತ್ತ,
ಮೀನು ತೊಳೆಯುವ ಆ ದೊಡ್ಡ ಕೈಗಳಲ್ಲಿ
ಅವರ ಬಲಗೈಯನ್ನು ನೀರಿಗೆ ಹಿಡಿದು ನಿಂತ.
ಚಹಾ ಇಳಿದು, ಕಪ್ಪಾಗಿ, ಕಹಿಯಾಗಿ, ಆರಿತ್ತು.

ತೊಡೆಯ ಚರ್ಮ ತೆಗೆದು ಕೈಗೆ ಹಾಕಿದರು.
"ಅರವತ್ತು ವರ್ಷ ಕೂತು ತಿಂದ ಚರ್ಮ," ಅನ್ನುತ್ತಾರೆ,
"ಈಗ ಕತ್ತರಿ ಹಿಡಿಯುವುದು ಕಲಿಯುತ್ತಿದೆ."
ಕುತ್ತಿಗೆಯ ಬಗ್ಗೆ ತಮಾಷೆ ಮಾಡುವುದಿಲ್ಲ.

ಅಗ್ನಿಶಾಮಕದವರು ಕೊಟ್ಟ ತಗಡಿನ ತುಂಡು
ಎರಡನೆಯ ಕನ್ನಡಿಯಿದ್ದ ಜಾಗದಲ್ಲಿ ಮೊಳೆ ಹೊಡೆದು ನಿಂತಿದೆ,
ಬಾಳೆಯ ಸಿಪ್ಪೆಯಂತೆ ಬಿಚ್ಚಿಕೊಂಡು.
ಅದರ ಮೇಲೆ ಇರುವೆಸಾಲಿನಂಥ ಅಕ್ಷರ:
ನಲವತ್ತು ಡಿಗ್ರಿ ಮೀರುವ ಕಡೆ ಇಡಬೇಡಿ.
"ಮೂವತ್ತು ವರ್ಷ ಇದು ನನ್ನ ಕೈಯಲ್ಲೇ ಇತ್ತು,
ಸರಿಯಾಗಿ ಹೆಬ್ಬೆರಳಿನ ಕೆಳಗೆ."

ಈಗ ಕೂರುವ ಮೊದಲೇ ವಿಚಾರಣೆ:
ಕಾರಿನ ಗಾಜಿನಡಿ ಏನಿಟ್ಟಿದ್ದೀಯ? ಒಲೆಯ ಪಕ್ಕದ ಕಪಾಟಿನಲ್ಲಿ?
ಜಿರಲೆಗೆ ಹೊಡೆಯುವಾಗ ಗ್ಯಾಸು ಆರಿಸುತ್ತೀಯೋ ಇಲ್ಲವೋ?
ಊರಿನವರು ತಂದುಕೊಟ್ಟ ಹಳೆಯ ಡಬ್ಬಿಗಳನ್ನು
ವೈದ್ಯರಂತೆ ಕಿವಿಗೆ ಹಿಡಿದು ಅಲ್ಲಾಡಿಸುತ್ತಾರೆ,
ಬೆಂಕಿಯಿಲ್ಲದ ಹಿತ್ತಲಿನ ಗಾಳಿಯಲ್ಲಿ ನಿಂತು
ಕೊನೆಯ ಉಸಿರು ನಿಲ್ಲುವವರೆಗೆ ಒತ್ತುತ್ತಾರೆ.
ಗುರುವಾರ ಕಸದ ಲಾರಿಯ ಹುಡುಗನಿಗೆ
ಬೇರೆ ಚೀಲದಲ್ಲಿ, ಎಣಿಸಿ.

ಹನ್ನೊಂದು ಚಳಿಗಾಲದ ಮೇಲೆ
ಮೊನ್ನೆ ಮತ್ತೆ ಆ ಕುರ್ಚಿಯಲ್ಲಿ ಕೂತೆ.
ಡಬ್ಬಿಯ ತಲೆ ಒತ್ತಿದರು. ನಾಲ್ಕು ಹನಿ.
ನನ್ನ ಕಣ್ಣು ತಾನಾಗಿಯೇ ಹೀಟರಿನ ಕಡೆ ಹೋಯಿತು.
ಅವರ ಕಣ್ಣು ಹೋಗಲಿಲ್ಲ.
ಸ್ವೆಟರು ಎತ್ತಿ, ಹಲ್ಲು ಕಚ್ಚಿ, "ಹಾ!" ಎಂದು
ಕಂಕುಳಲ್ಲಿ ಸಿಕ್ಕಿಸಿಕೊಂಡರು.

"ಇಲ್ಲಿ ಮೂವತ್ತಾರೂವರೆ.
ಇದಕ್ಕಿಂತ ಬಿಸಿ ನಾನಿನ್ನು ಆಗುವುದಿಲ್ಲ.
ಚಹಾ ಇಳಿಯಲಿ, ಕುಡಿಯೋಣ.
ಇವತ್ತು ಯಾರದ್ದೂ ಮದುವೆಯಿಲ್ಲವಲ್ಲ."